ತಿರುಳ್ಗನ್ನಡದ ತಿರುಕನ ಜೋಳಿಗೆ

ರಾಮದುರ್ಗದ ಮಗ್ಗದ ಓಣಿಗಳಲ್ಲಿ ಲಾಳಿಯ ಸಪ್ಪಳದ ನಡುವೆ ಹಿರಿಯರಿಬ್ಬರು ವಾದಕ್ಕೆ ನಿಂತರೆಂದರೆ ಸರ್ವಜ್ಞನನ್ನು ಸಾಕ್ಷಿಗೆ ಕರೆಯದೆ ಆ ವಾದ ಮುಗಿಯುವುದು ಅಪರೂಪ. ಸಾಲದ ಮಾತೇ ಇರಲಿ, ಸೊಸೆಯ ಮಾತೇ ಇರಲಿ, ಮೂರು ಸಾಲಿನ ಒಂದು ತ್ರಿಪದಿ ಅವರ ನಾಲಗೆಯ ತುದಿಯಲ್ಲಿ ಸಿದ್ಧವಾಗಿರುತ್ತದೆ. ಈ ಸಾಕ್ಷಿವಚನಗಳನ್ನು ಊರೂರಿನಿಂದ ಆಯ್ದು, ಪಾಠಗಳನ್ನು ತೂಗಿ ನೋಡಿ, ಪುಸ್ತಕವನ್ನಾಗಿಸಿದವರು ಒಬ್ಬ ಕ್ರೈಸ್ತ ಪಾದ್ರಿಗಳೆಂದು ಹೇಳಿದರೆ ಮಾತ್ರ ಅವರು ಲಾಳಿಯನ್ನು ನಿಲ್ಲಿಸಿ ನಮ್ಮ ಮುಖವನ್ನು ನೋಡುತ್ತಾರೆ.

ಪಾದ್ರಿಗಳು ಸಂಗ್ರಾಹಕರಾಗುವುದು ಹೊಸದೇನಲ್ಲ. ಪಶ್ಚಿಮದೇಶಗಳ ಸಂಚಾರಿ ಬೋಧಕರಲ್ಲಿ ಜೆರುಸಲೇಮಿನ ಸೀಮೆಯಿಂದ ಹಳೆಯ ಹಣತೆ, ನಾಣ್ಯ, ಚರ್ಮದ ಸುರುಳಿ ಮೊದಲಾದ ಬೈಬಲ್ಲಿನ ಕಾಲದ ವಸ್ತುಗಳನ್ನು ಕೂಡಿಹಾಕಿ, ಸಭೆ ಸಭೆಗೆ ಒಯ್ದು ತೋರಿಸಿ, ಕಣ್ಣಿಗೆ ಕಂಡುದನ್ನು ಮನಸ್ಸಿಗೆ ನಂಬಿಸಿದವರುಂಟು. ನಮ್ಮ ಸೀಮೆಗೆ ಬಂದ ಬಾಸೆಲ್ ಮಿಶನ್ನಿನವರಿಗೂ ಸಂಗ್ರಹದ ಹವ್ಯಾಸ ಕಡಿಮೆಯಿರಲಿಲ್ಲ. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ನಮ್ಮ ನೆರೆಯ ಗುಳೇದಗುಡ್ಡ ಎಂದು ಠಾಣ್ಯಗಳನ್ನು ಹೂಡುತ್ತ, ಸಂತೆ ಜಾತ್ರೆಗಳಲ್ಲಿ ನಿಂತು ಸುವಾರ್ತೆಯನ್ನು ಸಾರುತ್ತ ಹೋದ ಈ ಸಂಸ್ಥೆ, ಪರನಾಡುಗಳಿಂದ ಬಂದ ವಸ್ತುಗಳಿಗಾಗಿ 1860ರಲ್ಲಿ ಬಾಸೆಲ್ ಪಟ್ಟಣದಲ್ಲಿಯೇ ಒಂದು ವಸ್ತುಸಂಗ್ರಹಾಲಯವನ್ನು ತೆರೆಯಿತು. ಇಲ್ಲಿಯ ಸಾಮಾನು ಅಲ್ಲಿಗೆ ಹೋಯಿತು. ಅಲ್ಲಿಯ ಪುಸ್ತಕ ಇಲ್ಲಿಗೆ ಬಂದಿತು. ಅದೇ ಮಿಶನ್ನಿನ ಮಡಿಲಲ್ಲಿ ಬೆಳೆದ ಕನ್ನಡಿಗರೊಬ್ಬರು ಈ ದಾರಿಯನ್ನು ತಿರುವು ಮುರುವು ಮಾಡಿದರು.

ಅವರೇ ರೆವರೆಂಡ್ ಉತ್ತಂಗಿ ಚನ್ನಪ್ಪನವರು. 1881ರ ಅಕ್ಟೋಬರ 28ರಂದು ಧಾರವಾಡದಲ್ಲಿ ಜನನ. ಮನೆತನದ ಮೂಲ ಹೂವಿನಹಡಗಲಿ ತಾಲೂಕಿನ ಉತ್ತಂಗಿ ಗ್ರಾಮ. ವೀರಶೈವರಾಗಿದ್ದು ಕ್ರೈಸ್ತಮತವನ್ನು ಸ್ವೀಕರಿಸಿದ ಕುಟುಂಬ. ಮಗನ ಹೆಸರು ಚನ್ನಪ್ಪ, ತಂದೆಯ ಹೆಸರು ದಾನಿಯೇಲಪ್ಪ: ಬೈಬಲ್ಲಿನ ಪ್ರವಾದಿಗೂ ‘ಅಪ್ಪ’ನನ್ನು ಹಚ್ಚಿ ನಮ್ಮವನನ್ನಾಗಿ ಮಾಡಿಕೊಂಡ ಮನೆಯದು. ಮಂಗಳೂರಿನಲ್ಲಿ ದೈವಜ್ಞಾನವನ್ನು ಅಭ್ಯಾಸ ಮಾಡಿ, ಉಪದೇಶಕರಾಗಿ ಹಳ್ಳಿಗಳನ್ನು ತಿರುಗತೊಡಗಿದ ಅವರಿಗೆ, ತಾವು ಹೇಳಲು ಹೋದ ಮಾತಿಗಿಂತ ಕೇಳಿ ಬಂದ ಮಾತು ಹೆಚ್ಚು ಕಾಡಿತೆಂದು ನನಗೆ ತೋರುತ್ತದೆ. ಇಲ್ಲದಿದ್ದರೆ ಉಪದೇಶಕ್ಕೆಂದು ಹಿಡಿದ ದಾರಿಯಲ್ಲಿಯೇ ಸರ್ವಜ್ಞನ ತ್ರಿಪದಿಗಳನ್ನು ವರ್ಷಗಟ್ಟಲೆ ಬೆನ್ನಟ್ಟುತ್ತಿದ್ದರೇಕೆ?

ಆ ಕೆಲಸ ಎಂಥದೆಂಬುದನ್ನು ತಾಡವೋಲೆಯ ಕಟ್ಟೊಂದನ್ನು ಬಿಚ್ಚಿ ನೋಡಿದವರೇ ಬಲ್ಲರು. ಗೇಣಗಲವೂ ಇಲ್ಲದ ಗರಿಯಲ್ಲಿ ಕಬ್ಬಿಣದ ಕಂಟದಿಂದ ಗೀರಿದ ಅಕ್ಷರ. ಮಸಿಯನ್ನು ಸವರಿದ ಹೊರತು ಕಣ್ಣಿಗೆ ಕಾಣಿಸದು. ದಾರ ಪೋಣಿಸಿದ ತೂತಿನ ಸುತ್ತ ಗರಿ ಮುರಿದಿರುತ್ತದೆ, ಅಂಚನ್ನು ಹುಳು ತಿಂದಿರುತ್ತದೆ. ಪದ ಪದಕ್ಕೆ ನಡುವೆ ತೆರಪಿಲ್ಲ. ಓಲೆಯಲ್ಲಿದ್ದುದು ಒಂದು ಪಾಠವಾದರೆ ಹಾಡುವವನ ಬಾಯಲ್ಲಿದ್ದುದು ಇನ್ನೊಂದು. ಮೂರನೆಯ ಸಾಲಿನ ಕೊನೆಗೆ ‘ಸರ್ವಜ್ಞ’ ಎಂದು ಸೇರಿಸಿದರಾಯಿತು, ಯಾರ ಪದ್ಯವಾದರೂ ಅವನದಾಗಿಬಿಡುವ ಅನುಕೂಲ ಬೇರೆ! ಆದರೆ ತ್ರಿಪದಿಗೆ ತನ್ನದೇ ಆದ ಲಕ್ಷಣವುಂಟು. ಹನ್ನೊಂದು ಗಣಗಳಲ್ಲಿ ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ನಮಗೆ ಸಮೀಪದ ಬಾದಾಮಿಯಲ್ಲಿ ಕಪ್ಪೆ ಅರಭಟ್ಟನ ಶಾಸನದ ಬಂಡೆಗಲ್ಲಿನ ಮೇಲೆ ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ನಿಂತ ಛಂದಸ್ಸದು. ಆದರೂ ಲಯ ಬಲ್ಲ ಕಳ್ಳನನ್ನು ಗಣದ ಲೆಕ್ಕವೊಂದೇ ಹಿಡಿದುಕೊಡಲಾರದು. ಸಂಗ್ರಾಹಕನ ಕಿವಿ, ವಿವೇಕ, ತಾಳ್ಮೆಗಳೇ ಕೊನೆಯ ಒರೆಗಲ್ಲು. ಹೀಗೆ ಓಲೆ, ವಹಿ, ಬಾಯಿಪಾಠಗಳಿಂದ ಕೂಡಿಬಂದ ಸುಮಾರು 2,000 ತ್ರಿಪದಿಗಳು ‘ಸರ್ವಜ್ಞನ ವಚನಗಳು’ ಎಂಬ ಗ್ರಂಥವಾಗಿ 1924ರಲ್ಲಿ ಪ್ರಕಟವಾದುವು. ಮುಂದಿನ ಸಂಪಾದಕರು ಅದರಲ್ಲಿ ಕೂಡಿಸಿರಬಹುದು, ಕಳೆದಿರಬಹುದು; ಅದನ್ನು ಬಿಟ್ಟು ನಡೆಯುವುದಂತೂ ಯಾರಿಗೂ ಆಗಲಿಲ್ಲ.

ತಮ್ಮ ಮತವನ್ನು ಅವರು ಬಿಡಲಿಲ್ಲ, ಬಚ್ಚಿಡಲೂ ಇಲ್ಲ. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬುದು ಅವರ ಇನ್ನೊಂದು ಗ್ರಂಥದ ಹೆಸರು. ಬೆತ್ಲೆಹೇಮು ಬನಾರಸಕ್ಕೆ ಅಪ್ಪಣೆ ಕೊಡುವುದಿಲ್ಲ, ವಿನಂತಿ ಮಾಡುತ್ತದೆ. ಆ ಒಂದು ಶಬ್ದದಲ್ಲಿ ಇಡೀ ಮನುಷ್ಯನನ್ನು ಕಾಣಬಹುದು. ಸಿದ್ಧರಾಮನ ಸಾಹಿತ್ಯ, ಮೋಳಿಗೆ ಮಾರಯ್ಯ ಮತ್ತು ಮಹಾದೇವಿಯರ ವಚನಗಳು ಅವರ ಜೋಳಿಗೆಗೆ ಬಂದುವು. ಅನುಭವಮಂಟಪವು ನಿಜವಾಗಿ ಇದ್ದಿತೋ ಇಲ್ಲವೋ ಎಂಬ ವಿವಾದವೆದ್ದಾಗ, ಇದ್ದಿತೆಂದು ಗ್ರಂಥವನ್ನೇ ಬರೆದು ವಾದಿಸಿದವರೂ ಈ ಪಾದ್ರಿಗಳೇ. ‘ತಿರುಳ್ಗನ್ನಡದ ತಿರುಕ’ ಎಂಬ ಹೆಸರು ಅವರಿಗೆ ಅಂಟಿಕೊಂಡುದು ಸಹಜವೇ ಆಗಿದೆ. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನ ಅವರನ್ನು ಅಧ್ಯಕ್ಷಪೀಠದಲ್ಲಿ ಕೂರಿಸಿತು. 1962ರ ಆಗಸ್ಟ 28ರಂದು ತೀರಿಕೊಂಡರು.

ರಾಮದುರ್ಗ, ತೊರಗಲ್ಲು, ಗೊಡಚಿಯ ಸುತ್ತಿನ ಹಳೆಯ ಮನೆಗಳ ದೇವರ ಜಗಲಿಯ ಮೇಲೆ ಕೆಂಪು ಅರಿವೆಯಲ್ಲಿ ಸುತ್ತಿದ ತಾಡವೋಲೆಯ ಗಂಟೊಂದು ಇನ್ನೂ ಇದ್ದೀತು; ವರ್ಷಕ್ಕೊಮ್ಮೆ ವಿಭೂತಿ ಧರಿಸಿಕೊಂಡು ಸುಮ್ಮನೆ ಕುಳಿತೀತು. ಜೀರ್ಣವಾಯಿತೆಂದು ಅದನ್ನು ಮಲಪ್ರಭೆಗೆ ಬಿಡುವ ಮುನ್ನ, ದಯವಿಟ್ಟು ಒಮ್ಮೆ ಬಿಚ್ಚಿ, ಓದಬಲ್ಲವರಿಗೆ ತೋರಿಸಿರಿ.