ವಂಶಕ್ಕೆ ಹೊರಿಸಿದ ಅಪವಾದ

ರೋಗಕ್ಕೆ ಜೀನಿನಲ್ಲಿ ಉಂಟಾದ ಉತ್ಪರಿವರ್ತನೆಯೇ ಕಾರಣವೆಂದು ವೈದ್ಯರು ನುಡಿದೊಡನೆಯೇ, ಇದು ತಂದೆಯ ಕಡೆಯಿಂದ ಬಂದುದೋ ತಾಯಿಯ ಕಡೆಯಿಂದ ಬಂದುದೋ ಎಂದು ಮನೆಮಂದಿ ತರ್ಕಿಸತೊಡಗುವುದೂ, ಮಗಳ ಮದುವೆಯ ಮಾತುಕತೆ ನಡೆದಿದ್ದರೆ ಸುದ್ದಿಯನ್ನೇ ಮುಚ್ಚಿಡುವುದೂ ಅಪರೂಪವಲ್ಲ. ಸಿಎಂಎಲ್ ಎಂಬ ದೀರ್ಘಕಾಲಿಕ ರಕ್ತದ ಕ್ಯಾನ್ಸರಿನ ಮಟ್ಟಿಗಾದರೂ ಈ ಶಂಕೆ ನಿರಾಧಾರವಾದುದು.

1960ರಲ್ಲಿ ಫಿಲಡೆಲ್ಫಿಯಾ ನಗರದ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಎಂಬ ಸಂಶೋಧಕರು ಇಂತಹ ರೋಗಿಗಳ ರಕ್ತಕಣಗಳಲ್ಲಿ ಅಸಹಜವಾಗಿ ಗಿಡ್ಡವಾದ ವರ್ಣತಂತುವೊಂದನ್ನು ಕಂಡರು. 9ನೆಯ ಮತ್ತು 22ನೆಯ ವರ್ಣತಂತುಗಳು ತುಂಡಾಗಿ ತಮ್ಮ ತುದಿಗಳನ್ನು ಅದಲುಬದಲು ಮಾಡಿಕೊಂಡುದರ ಫಲವಿದೆಂದು 1973ರಲ್ಲಿ ಜಾನೆಟ್ ರೌಲಿ ತೋರಿಸಿಕೊಟ್ಟರು. ಹಾಗೆ ಬೆಸೆದುಕೊಂಡ ಬಿಸಿಆರ್-ಎಬಿಎಲ್ ಜೀನಿನಿಂದ ಹುಟ್ಟುವ ಕಿಣ್ವವು, ತಿರುಪು ಸವೆದ ನಲ್ಲಿಯಂತೆ, ನಿಲ್ಲಬೇಕಾದಲ್ಲಿ ನಿಲ್ಲದೆ ಕಣಗಳಿಗೆ ವೃದ್ಧಿಯ ಆಜ್ಞೆಯನ್ನು ಕೊಡುತ್ತಲೇ ಇರುತ್ತದೆ. ಇದಿಷ್ಟೂ ಸಂಭವಿಸುವುದು ಜನನಾನಂತರ, ಅಸ್ಥಿಮಜ್ಜೆಯ ಒಂದೇ ಒಂದು ಮೂಲಕಣದಲ್ಲಿ; ಅಂಡದಲ್ಲಾಗಲಿ ವೀರ್ಯಾಣುವಿನಲ್ಲಾಗಲಿ ಅದಿಲ್ಲವಾದ್ದರಿಂದ ಮಕ್ಕಳಿಗೆ ದಾಟುವುದಿಲ್ಲ. ಹಿರೋಷಿಮಾದಲ್ಲಿ ಬಾಂಬಿನ ವಿಕಿರಣಕ್ಕೆ ಸಿಕ್ಕಿ ಬದುಕುಳಿದವರಲ್ಲಿ ಈ ರೋಗ ಹೆಚ್ಚಿದುದು ನಿಜ. ಆದರೆ ಬಹುತೇಕ ರೋಗಿಗಳಲ್ಲಿ ಹೀಗೆ ಬೆರಳಿಟ್ಟು ತೋರಿಸಬಹುದಾದ ಕಾರಣವೇ ಇರುವುದಿಲ್ಲ, ಉಂಡ ಅನ್ನವನ್ನು ದೂರಿ ಫಲವಿಲ್ಲ.

ಉತ್ಪರಿವರ್ತನೆಯೆಲ್ಲ ಕೇಡೇ ಎಂಬುದೂ ಅವಸರದ ತೀರ್ಮಾನ. ಸಿಎಲ್‌ಎಲ್ ಎಂಬ ಇನ್ನೊಂದು ದೀರ್ಘಕಾಲಿಕ ಬಗೆಯಲ್ಲಿ, ಐಜಿಎಚ್‌ವಿ ಜೀನು ಮಾರ್ಪಟ್ಟಿದ್ದರೆ ರೋಗ ಸಾಮಾನ್ಯವಾಗಿ ಮಂದಗತಿಯದಾಗಿರುತ್ತದೆ, ಮಾರ್ಪಡದಿದ್ದರೇ ಚುರುಕು; ಆದರೆ ಟಿಪಿ53 ಜೀನು ಕೆಟ್ಟರೆ ಅದು ಅಶುಭವೇ. ಈ ಬಗೆಯಲ್ಲಿ ಹತ್ತಿರದ ರಕ್ತಸಂಬಂಧಿಗಳಿಗೆ ಅಪಾಯ ಹೆಚ್ಚೆಂಬುದನ್ನೂ ಮರೆಮಾಚಲಾಗದು.

ಇವೆಲ್ಲಕ್ಕಿಂತ ಹಾನಿಕರವಾದ ಭ್ರಮೆ ಬೇರೊಂದಿದೆ. 2001ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಇಮಾಟಿನಿಬ್ ಮಾತ್ರೆಯು ಸಿಎಂಎಲ್‌ನ ಆ ಕಿಣ್ವವನ್ನೇ ತಡೆಯುವಂಥದು, ಕೆಲವು ವಾರಗಳಲ್ಲಿ ಬಿಳಿಯ ರಕ್ತಕಣಗಳ ಎಣಿಕೆ ಇಳಿದು, ಎಡಪಕ್ಕೆಯಲ್ಲಿ ಊದಿಕೊಂಡಿದ್ದ ಗುಲ್ಮವು ಕುಗ್ಗಿದೊಡನೆ, “ಕೌಂಟ್ ನಾರ್ಮಲ್ ಬಂತಲ್ಲ, ಇನ್ನೇಕೆ ಮಾತ್ರೆ?” ಎಂದು ಕೇಳುವವರುಂಟು. ಎಣಿಕೆ ಸರಿಹೋದ ಮೇಲೂ, ಜೀನಿನ ಸೂಕ್ಷ್ಮ ಸುಳಿವನ್ನು ಹುಡುಕುವ ಪಿಸಿಆರ್ ಪರೀಕ್ಷೆಯಲ್ಲಿ ಬೆಸುಗೆಯ ಜೀನು ಕಾಣಿಸಿಕೊಳ್ಳಬಹುದು. ಮಾತ್ರೆ ತಪ್ಪಿದರೆ ಉಳಿದ ಕಣಗಳು ಮತ್ತೆ ತಲೆಯೆತ್ತುತ್ತವೆ. ಟಿ315ಐ ಎಂಬ ಹೊಸ ಉತ್ಪರಿವರ್ತನೆ ತಲೆದೋರಿದಲ್ಲಂತೂ ಇಮಾಟಿನಿಬ್ ಕಿಣ್ವಕ್ಕೆ ಅಂಟಿಕೊಳ್ಳಲಾರದು, ಪೊನಾಟಿನಿಬ್‌ನಂತಹ ಬೇರೆ ಔಷಧ ಬೇಕಾಗುತ್ತದೆ. ವರ್ಷಗಟ್ಟಲೆ ಆ ಜೀನಿನ ಸುಳಿವೇ ಸಿಗದಿದ್ದ ಕೆಲವರು ವೈದ್ಯರ ಕಣ್ಗಾವಲಿನಲ್ಲಿ ಮಾತ್ರೆ ನಿಲ್ಲಿಸಿರುವುದುಂಟು. ಅವರಲ್ಲಿಯೂ ಸುಮಾರು ಅರ್ಧದಷ್ಟು ಮಂದಿ, ಬಹುಮಟ್ಟಿಗೆ ಮೊದಲ ಆರು ತಿಂಗಳೊಳಗೇ, ಪುನಃ ಮಾತ್ರೆಗೆ ಮರಳಬೇಕಾಗಿದೆ.