ಹದಿನೈದು ದಿನ, ಹದಿನೈದು ಎರೆಹುಳು

ತಟ್ಟೆಯಲ್ಲಿದ್ದ ಎರೆಹುಳು ಕಂಡು ಬಿಲ್ಲಿಗೆ ಅನುಮಾನ ಬಂತು. ಇಷ್ಟುದ್ದದ ಹುಳು ಇರುತ್ತದೆಯೇ? ಬಗ್ಗಿ ನೋಡಿದರೆ ಅಂಟಿನ ಗುರುತು! ಎರಡು ಹುಳುಗಳನ್ನು ಅಂಟಿಸಿ ಒಂದೇ ಅಂತ ಬಡಿಸಿದ್ದರು. ಅಲನ್ ಮತ್ತು ಜೋ ಸಿಕ್ಕಿಬಿದ್ದರು.

ಅಮೆರಿಕದ ಥಾಮಸ್ ರಾಕ್‌ವೆಲ್ ಬರೆದ ‘ಹೌ ಟು ಈಟ್ ಫ್ರೈಡ್ ವರ್ಮ್ಸ್’ ಕಾದಂಬರಿಯಲ್ಲಿ ನನಗೆ ಅತಿ ಇಷ್ಟವಾದ ಪ್ರಸಂಗ ಇದು. ಹದಿನೈದು ದಿನದಲ್ಲಿ ಹದಿನೈದು ಎರೆಹುಳು ತಿಂದರೆ 50 ಡಾಲರ್, ಇದು ಅಲನ್ ಕಟ್ಟಿದ ಬಾಜಿ. ಬೇಯಿಸಿಯಾದರೂ ಸರಿ, ಹುರಿದಾದರೂ ಸರಿ. ಬಿಲ್ಲಿ ಕೆಚಪ್, ಸಾಸಿವೆ ಗೊಜ್ಜು ಸುರಿದುಕೊಂಡು ಕಣ್ಣುಮುಚ್ಚಿ ನುಂಗುತ್ತಾನೆ. ದಿನ ಕಳೆದಂತೆ ಹೇಸಿಗೆ ಹಿಂದೆ ಸರಿದು, ಸೋಲುವ ಭಯಕ್ಕೆ ಗೆಳೆಯರು ಹೂಡುವ ಮೋಸಗಳೇ ಕಥೆಯನ್ನು ಎಳೆದೊಯ್ಯುತ್ತವೆ. ಹುಳು ತಿನ್ನುವವನು ಮಾತಿಗೆ ತಪ್ಪುವುದಿಲ್ಲ. ಬಾಜಿ ಕಟ್ಟಿದವರೇ ತಪ್ಪುತ್ತಾರೆ. ಮಕ್ಕಳ ಲೋಕದ ನ್ಯಾಯ ಇಷ್ಟು ನಿಚ್ಚಳವಾಗಿ ಬಂದ ಪುಸ್ತಕಗಳು ಕಡಿಮೆ.

ಬಿಲ್ಲಿಯ ತಾಯಿಯಂತೂ ಅಪರೂಪದವಳು. ವಿಷಯ ತಿಳಿದಾಗ ಮಗನಿಗೆ ಹೊಡೆಯುವುದಿಲ್ಲ. ಡಾಕ್ಟರಿಗೆ ಫೋನ್ ಮಾಡಿ, ತೊಂದರೆಯಿಲ್ಲ ಅಂತ ಖಾತ್ರಿಯಾದ ಮೇಲೆ ತಾನೇ ಹುಳುವಿನ ಅಡುಗೆಗೆ ನಿಲ್ಲುತ್ತಾಳೆ.

ರಾಕ್‌ವೆಲ್ ಹೆಸರಾಂತ ಚಿತ್ರಕಾರ ನಾರ್ಮನ್ ರಾಕ್‌ವೆಲ್ ಅವರ ಮಗ. 23 ಪ್ರಕಾಶಕರು ತಿರಸ್ಕರಿಸಿದ ಹಸ್ತಪ್ರತಿ 1973ರಲ್ಲಿ ಅಚ್ಚಾಯಿತು. 2006ರಲ್ಲಿ ಸಿನಿಮಾ ಬಂತು. ಇಷ್ಟಾದರೂ, 1990ರ ದಶಕದಲ್ಲಿ ಅಮೆರಿಕದ ಗ್ರಂಥಾಲಯಗಳಲ್ಲಿ ಅತಿ ಹೆಚ್ಚು ಆಕ್ಷೇಪಣೆ ಎದುರಿಸಿದ ನೂರು ಪುಸ್ತಕಗಳ ಪಟ್ಟಿಯಲ್ಲಿ ಇದೂ ಇತ್ತು. ದೊಡ್ಡವರ ಅಸಹ್ಯಕ್ಕೆ ಮಕ್ಕಳ ನಗುವನ್ನು ಬಲಿಕೊಡುವುದು ನನಗೆ ಒಪ್ಪಿಗೆಯಿಲ್ಲ. ಅಸಹ್ಯವೆಂಬುದು ಬಹುಪಾಲು ಅಭ್ಯಾಸದ ಮಾತು. ಚಗಳಿ ಇರುವೆಯ ಚಟ್ನಿ ಚಪ್ಪರಿಸುವ ಮಲೆನಾಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿಲ್ಲಿಗೂ ಕೊನೆಗೆ ಹುಳುವಿನ ರುಚಿ ಹತ್ತಿಬಿಡುತ್ತದೆ. ಬಾಜಿ ಮುಗಿದರೂ ತಿನ್ನುವುದು ನಿಲ್ಲುವುದಿಲ್ಲ!

ಅಧ್ಯಾಯಗಳು ಪುಟ್ಟಪುಟ್ಟವು, ಕೆಲವಂತೂ ಪುಟ ತಿರುವುವಷ್ಟರಲ್ಲಿ ಮುಗಿಯುತ್ತವೆ. ಓದಲು ಒಲ್ಲದ ಮಗುವೂ ‘ಇನ್ನೊಂದು’ ಅನ್ನುವುದು ಅದಕ್ಕೇ. ಹಿಂದೆ ನಮ್ಮ ಮನೆಗಳಲ್ಲಿ ಊಟದ ನಂತರ ಅಜ್ಜಿ ಕಥೆ ಹೇಳುತ್ತಿದ್ದ ಹೊತ್ತು ಈಗ ಮೊಬೈಲಿನ ಪಾಲಾಗಿದೆ. ಮನೆಯಲ್ಲಿ ಎಂಟು-ಹತ್ತು ವರ್ಷದ ಮಕ್ಕಳಿದ್ದರೆ ಈ ಪುಸ್ತಕ ತಂದು, ರಾತ್ರಿ ಒಂದೊಂದೇ ಹುಳುವಿನ ಕಥೆಯನ್ನು ನಿಮ್ಮ ಕನ್ನಡದಲ್ಲಿ ಹೇಳಿ. ಊಟಕ್ಕೆ ಮೊದಲು ಮಾತ್ರ ಬೇಡ.