ಮಸ್ಕಿಯ ಬಂಡೆಯಲ್ಲೊಂದು ಕ್ರಿಯಾಪದ

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ನಡುವೆ ಸಿಗುವ ಊರು ಮಸ್ಕಿ. ರಾಯಚೂರು ಜಿಲ್ಲೆಯ ಈ ಊರು ಹಿಂದೆ ಲಿಂಗಸುಗೂರು ತಾಲೂಕಿಗೆ ಸೇರಿತ್ತು. ಈಗ ತಾನೇ ಒಂದು ತಾಲೂಕು ಕೇಂದ್ರ. 1915ರಲ್ಲಿ, ಆಗಿನ ನಿಜಾಮರ ಸೀಮೆಯಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ ಅವರಿಗೆ ಇಲ್ಲಿನ ಗುಡ್ಡದ ಬಂಡೆಯೊಂದರ ಮೇಲೆ ಬ್ರಾಹ್ಮಿ ಅಕ್ಷರಗಳು ಕಂಡವು. ಎಚ್. ಕೃಷ್ಣಶಾಸ್ತ್ರಿಗಳು ಆ ಶಾಸನವನ್ನು ಓದಿ ಪ್ರಕಟಿಸಿದರು. ಅದುವರೆಗೆ ದೊರೆತ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂದಷ್ಟೇ ಇದ್ದ ದೊರೆ ಇಲ್ಲಿ 'ಅಸೋಕ' ಎಂಬ ಸ್ವಂತ ಹೆಸರಿನಿಂದಲೇ ಕಾಣಿಸಿಕೊಂಡಿದ್ದ.

ಈ ಹೆಸರಿನಿಂದಾಗಿಯೇ ಮಸ್ಕಿ ಪಠ್ಯಪುಸ್ತಕಗಳನ್ನು ಸೇರಿತು. ಆದರೆ ಹೆಸರಿನ ಬೆಳಕಿನಲ್ಲಿ ಅದೇ ಬಂಡೆಯ ಒಂದು ಕ್ರಿಯಾಪದ ಮರೆಯಾಗಿ ಉಳಿದಿದೆ. 'ಗಮ್' ಎಂಬ ಧಾತು ಅದರ ಮೂಲ. ಆಗಮನ, ನಿರ್ಗಮನ ಎಂದು ಕನ್ನಡಿಗರು ದಿನವೂ ಬಳಸುವ ಮಾತುಗಳು ಇದೇ ಧಾತುವಿನವು. ಶಾಸನದ ಪ್ರಾಕೃತದಲ್ಲಿ ಅದು ಎರಡು ಉಪಸರ್ಗಗಳನ್ನು ಹೊತ್ತು ಬರುತ್ತದೆ.

ಮೊದಲನೆಯದು 'ಉಪಗತೆ'. ತಾನು ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷ ಕಳೆಯಿತೆಂದು ಹೇಳುವ ದೊರೆ, ಸಂಘವನ್ನು 'ಉಪಗತ'ನಾದೆ ಎನ್ನುತ್ತಾನೆ. ಬಳಿಗೆ ಹೋದೆ ಎಂಬುದು ಅದರ ನೇರ ಅರ್ಥ. ಆದರೆ ಎಷ್ಟು ಬಳಿಗೆ? ಕಾವಿ ಉಟ್ಟು ಭಿಕ್ಷುವಾದನೇ, ಸಂಘದೊಡನೆ ಕೆಲಕಾಲ ಇದ್ದನೇ, ಬರೀ ಭೇಟಿ ಕೊಟ್ಟನೇ ಎಂದು ವಿದ್ವಾಂಸರು ದೀರ್ಘಕಾಲ ಚರ್ಚಿಸಿದ್ದಾರೆ. ಒಬ್ಬ ಚಕ್ರವರ್ತಿಯ ಬಾಳಿನ ತಿರುವು ಒಂದು ಕ್ರಿಯಾಪದದ ಅರ್ಥವನ್ನು ಅವಲಂಬಿಸಿದೆ.

ಎರಡನೆಯದು 'ಅಧಿಗತವೆ'. ಧರ್ಮದಲ್ಲಿ ತೊಡಗಿದ 'ಖುದಕ'ನಿಗೂ ಇದು ಸಾಧ್ಯ, 'ಉಡಾಲಕ'ನಿಗೆ ಮಾತ್ರ ಎಂದು ಯಾರೂ ಭಾವಿಸಬಾರದು ಎನ್ನುತ್ತದೆ ಶಾಸನ. ಖುದಕ ಎಂದರೆ ಸಂಸ್ಕೃತದ ಕ್ಷುದ್ರಕ, ಉಡಾಲಕ ಎಂದರೆ ಉದಾರ. ಇಂದು ನಾವು ಕ್ಷುದ್ರ ಎಂದರೆ ನೀಚ, ಉದಾರ ಎಂದರೆ ಧಾರಾಳಿ ಎಂದು ತಿಳಿಯುತ್ತೇವೆ. ಬಂಡೆಯ ಮೇಲೆ ಅವು ಚಿಕ್ಕವನು, ದೊಡ್ಡವನು ಎಂಬ ಮಾತುಗಳಷ್ಟೇ.

ಇದೇ ಸಂದೇಶದ ಬ್ರಹ್ಮಗಿರಿ ಪಾಠದಲ್ಲಿ ಚಿಕ್ಕವನಿಗೆ ಸಿಗುವುದು ವಿಪುಲವಾದ ಸ್ವರ್ಗ. ಮಸ್ಕಿಯ ಪಾಠದಲ್ಲಿ ಸ್ವರ್ಗದ ಹೆಸರಿಲ್ಲ. 'ಅಧಿಗಮ' ಮಾತ್ರ ಇದೆ. ಈ ಪದಕ್ಕೆ ತಲುಪುವುದು, ಪಡೆಯುವುದು ಎಂಬುದರ ಜತೆಗೆ ಅರಿಯುವುದು ಎಂಬ ಅರ್ಥವೂ ಉಂಟು.

ನಡೆಯುವ ಮಾತು ನಂಬಿಕೆಯ ಮಾತಾಗುವುದು ಬೇರೆಡೆಯೂ ಕಾಣುತ್ತದೆ. ಹೀಬ್ರೂ ಧರ್ಮಗ್ರಂಥಗಳಲ್ಲಿ 'ಶೂವ್' ಎಂದರೆ ಹಿಂದಿರುಗು. ದಾರಿಯಲ್ಲಿ ಮರಳುವವನಿಗೂ ಪಶ್ಚಾತ್ತಾಪದಿಂದ ದೇವರತ್ತ ತಿರುಗುವವನಿಗೂ ಅಲ್ಲಿ ಅದೇ ಕ್ರಿಯಾಪದ. ಮಸ್ಕಿಯ ಮಾತಿನ ವಿಶೇಷವೆಂದರೆ, ದೊರೆ ತನ್ನ ನಡಿಗೆಗೆ ಬಳಸಿದ ಧಾತುವನ್ನೇ ಅತಿ ಚಿಕ್ಕವನ ನಡಿಗೆಗೂ ಬಳಸಿದ್ದಾನೆ. ಚಿಕ್ಕವರಿಗೂ ದೊಡ್ಡವರಿಗೂ ಇದನ್ನು ಹೇಳಬೇಕು ಎಂಬುದೂ ಅಲ್ಲಿಯೇ ಇದೆ.

ಆ ಅಕ್ಷರಗಳಲ್ಲಿ ಕೆಲವು ಸವೆದಿವೆ. ಲಿಂಗಸುಗೂರಿನ ಕಡೆಯಿಂದ ಸಿಂಧನೂರಿನ ಗದ್ದೆಗಳಿಗೆ ನಾಟಿಗೆಂದು ಹೋಗುವ ಕೂಲಿಯವರು ಈ ಗುಡ್ಡದ ಊರನ್ನು ದಾಟಿಯೇ ಹೋಗಬೇಕು. ಇಪ್ಪತ್ತಮೂರು ಶತಮಾನಗಳ ಹಿಂದೆ ಕೊರೆದ ಆ ಮಾತು ಅವರಂಥವರನ್ನು ಕುರಿತದ್ದು. ಅದನ್ನು ಅವರಿಗೆ ಓದಿ ಹೇಳುವ ಕೆಲಸ ಇನ್ನೂ ಬಾಕಿಯಿದೆ.